ಮಾದಪ್ಪನ ಕಾಡುದಾರಿ: ಒಂದು ಹಗಲಿನ ಪಯಣದ ವಿಚಾರ

ದಂಡು ನಡೆದ ಮಾರ್ಗಗಳಿಗೂ ವರ್ತಕರು ಇಳಿದ ಘಟ್ಟಗಳಿಗೂ ನಮ್ಮ ಇತಿಹಾಸಗ್ರಂಥಗಳಲ್ಲಿ ದೊರೆತ ಸ್ಥಾನವು ಭಕ್ತರು ತುಳಿದ ಕಾಲುದಾರಿಗಳಿಗೆ ದೊರೆತಿಲ್ಲ. ಮಹಾಶಿವರಾತ್ರಿಯ ಮುನ್ನ ಬೆಂಗಳೂರು, ಕನಕಪುರಗಳ ಕಡೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಡುವ ಪಾದಯಾತ್ರೆಯ ದಾರಿ ಅಂತಹುದೊಂದು. ಈ ದಾರಿಯಲ್ಲಿ ಒಂದು ಹಗಲಿನ ನಡಿಗೆಯನ್ನು ನಿರ್ಣಯಿಸುವುದು ಹೇಗೆ, ಆ ನಿರ್ಣಯದಿಂದ ಇತಿಹಾಸದ ವಿದ್ಯಾರ್ಥಿಗೆ ತಿಳಿಯುವುದೇನು ಎಂಬುದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುವುದು ನಮ್ಮ ಉದ್ದೇಶ.

ಕಾಮಾಕ್ಷಿಪಾಳ್ಯದ ಬಳಿ ಹರಿಯುವ ವೃಷಭಾವತಿಯು ಇಂದು ನಗರದ ಕೊಳಚೆಯನ್ನು ಹೊತ್ತು ಕೆಂಗೇರಿಯ ಕಡೆಗೆ ಸಾಗಿ, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಯಾತ್ರಿಕರು ಹೊಳೆ ದಾಟುವುದೂ ಈ ಸಂಗಮದ ಪ್ರದೇಶದಲ್ಲಿಯೇ. ಆಚೆಯ ದಡದಿಂದ ಕಾಡನ್ನು ಹಾಯ್ದು ಶಾಗ್ಯ, ಕೌದಳ್ಳಿಗಳ ಮೇಲೆ ತಾಳಬೆಟ್ಟವನ್ನು ಮುಟ್ಟಿ, ಅಲ್ಲಿಂದ ಮೆಟ್ಟಿಲುಗಳ ಹಳೆಯ ಹಾದಿಯಲ್ಲಿ ಬೆಟ್ಟವನ್ನೇರುತ್ತಾರೆ.

ಈ ಹೊಳೆ ಒಂದು ಕಾಲದಲ್ಲಿ ಗಡಿಯೂ ಆಗಿತ್ತು. 1799ರಲ್ಲಿ ಟಿಪ್ಪುವಿನ ಪತನಾನಂತರ ಕೊಳ್ಳೇಗಾಲದ ಸೀಮೆ ಇಂಗ್ಲಿಷರ ಪಾಲಾಗಿ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂದಿತು. ಅಂದರೆ ಒಂದೂವರೆ ಶತಮಾನ ಕಾಲ ಈಚೆಯ ದಡದ ಒಕ್ಕಲು ಆಚೆಯ ದಡಕ್ಕೆ ಕಾಲಿಟ್ಟಾಗ ಬೇರೊಂದು ಆಡಳಿತವನ್ನು ಪ್ರವೇಶಿಸುತ್ತಿದ್ದನು. ಆದರೆ ಅವನ ದೇವರು, ಹಾಡು, ನುಡಿ ಬದಲಾಗುತ್ತಿರಲಿಲ್ಲ. ಆಡಳಿತದ ಗಡಿಯೇ ಜನಜೀವನದ ಗಡಿಯಲ್ಲವೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಇನ್ನು ನಡಿಗೆಯ ಲೆಕ್ಕ. ಸುಮಾರು ಮೂರು ಮೈಲಿಯನ್ನು ಒಂದು ಹರಿದಾರಿಯೆಂದೂ ನಾಲ್ಕು ಹರಿದಾರಿಯನ್ನು ಒಂದು ಗಾವುದವೆಂದೂ ಹಿಂದಿನವರು ಎಣಿಸುತ್ತಿದ್ದರು. ವಿದ್ಯಾರ್ಥಿಗಳೊಡನೆ ಒಂದು ಹಗಲಿನ ನಡಿಗೆಯನ್ನು ಯೋಜಿಸಿದಾಗ ನಾವು ನಕ್ಷೆಯನ್ನು ಹರಡಿ, ಗಂಟೆಗೆ ಇಷ್ಟು ಮೈಲಿಯೆಂದು ಗುಣಿಸಿ, ಹಗಲಿಗೆ ಎರಡು ಗಾವುದವನ್ನು ಗೊತ್ತುಪಡಿಸಿದೆವು. ಹಲವು ಸಲ ನಡೆದು ಬಂದಿದ್ದ ಕಾಮಾಕ್ಷಿಪಾಳ್ಯದ ವೃದ್ಧ ಭಕ್ತರೊಬ್ಬರು ಅದನ್ನು ಕೇಳಿ, “ಮೊದಲು ನೀರು ಎಲ್ಲೆಲ್ಲಿದೆ ಅಂತ ಬರಕೊಳ್ಳಿ ಸ್ವಾಮಿ, ಮೈಲಿ ಲೆಕ್ಕ ಆಮೇಲೆ” ಎಂದರು. ಅವರ ಮಾತು ಸರಿಯಾಗಿತ್ತು. ಶಿವರಾತ್ರಿಯ ವೇಳೆಗೆ ಕಾಡು ಎಲೆಯುದುರಿಸಿ ನಿಂತಿರುತ್ತದೆ, ಹಳ್ಳಗಳು ಬತ್ತಿರುತ್ತವೆ, ನಡುಹಗಲಿನ ಮೂರು ಗಂಟೆಯ ಕಾಲ ನಡೆಯಲಾಗದು. ಆನೆಗಳು ನೀರಿಗಿಳಿಯುವ ಸಂಜೆಗೆ ಮುಂಚೆ ಊರನ್ನು ಸೇರಬೇಕು. ಹನ್ನೆರಡು ಗಂಟೆಗಿಂತ ತುಸು ಕಡಮೆಯಿರುವ ಹಗಲಿನಲ್ಲಿ ಇವನ್ನೆಲ್ಲ ಕಳೆದರೆ ನಡೆಯಲು ಉಳಿಯುವುದು ಏಳು ಗಂಟೆಯ ಹೊತ್ತು ಮಾತ್ರ. ಏರಿಳಿತದ ಕಾಡುಹಾದಿಯಲ್ಲಿ ಗಂಟೆಗೆ ಎರಡು ಮೈಲಿಗಿಂತ ಹೆಚ್ಚು ಸಾಗುವುದು ಕಷ್ಟವಾದುದರಿಂದ ಲೆಕ್ಕವು ಗಾವುದಕ್ಕೆ ಸ್ವಲ್ಪ ಮೇಲೆ ಬಂದು ನಿಲ್ಲುತ್ತದೆ. ನಾವು ಯೋಜನೆಯನ್ನು ಅರ್ಧಕ್ಕೆ ಇಳಿಸಿದೆವು. ಗಾವುದವೆಂಬುದು ಬರಿಯ ಅಳತೆಯಲ್ಲ, ನೀರು ನೆರಳುಗಳ ಅನುಭವದಿಂದ ಸಿದ್ಧವಾದ ಪ್ರಮಾಣವೆಂದು ಊಹಿಸಲು ಇದು ಅವಕಾಶ ಕೊಡುತ್ತದೆ.

ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದೇಶ್ವರನ ಕಾವ್ಯದಲ್ಲಿಯೂ ಪಯಣದ ಭಾಗವು ಹಿರಿದು. ಕುಂತೂರು, ಸುತ್ತೂರು ಮಠಗಳೂ ಆಲಂಬಾಡಿಯ ಜುಂಜೇಗೌಡನೂ ಅದರಲ್ಲಿ ಬರುತ್ತಾರೆ. ಅದನ್ನು ಕಾಲನಿರ್ಣಯಕ್ಕೆ ಆಧಾರವಾಗಿ ಹಿಡಿಯುವುದು ಸಾಹಸವಾದೀತು. ಆದರೆ ಸ್ಥಳನಾಮಗಳ ಅನುಕ್ರಮವನ್ನು ನೆಲದ ಮೇಲೆ ನಡೆದು ಪರೀಕ್ಷಿಸಬಹುದು. ಈ ಕೆಲಸಕ್ಕೆ ವಿಳಂಬ ಸಲ್ಲದು. ನೀರಿನ ತಾವುಗಳನ್ನು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಬಸ್ಸಿನಲ್ಲಿ ಹೋಗಿಬರುವ ಮಕ್ಕಳಿಗೆ ಆ ಹೆಸರುಗಳ ಅಗತ್ಯವಿಲ್ಲ.

ಈ ಕಾಡುಗಳಲ್ಲಿ 1987ರಲ್ಲಿ ಕಾವೇರಿ ವನ್ಯಜೀವಿಧಾಮವೂ 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮವೂ ಘೋಷಿತವಾಗಿವೆ. ಆದುದರಿಂದ ಅಧ್ಯಯನಕ್ಕೆ ಹೊರಡುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ಬೆಂಕಿಯ ಭಯವಿರುವ ಕಾಲದಲ್ಲಿ ಒಲೆ ಹೂಡದೆ ಬುತ್ತಿಯನ್ನು ಕಟ್ಟಿಕೊಂಡು ಹೋಗಬೇಕು. ನಮ್ಮ ಕಾಲೇಜುಗಳು ವರ್ಷಕ್ಕೊಂದು ಗಾವುದವನ್ನು ನಡೆದು, ಕಟ್ಟೆ, ಮಂಟಪ, ನೀರಿನ ತಾವುಗಳನ್ನು ಗುರುತಿಸಿದರೂ ಕೆಲವೇ ವರ್ಷಗಳಲ್ಲಿ ಈ ದಾರಿಯ ನಕ್ಷೆ ಸಿದ್ಧವಾಗುವುದು. ವೃದ್ಧರು ಸೂಚಿಸಿದ ಕ್ರಮದಲ್ಲಿಯೇ, ಮೊದಲು ನೀರು, ಆಮೇಲೆ ಮೈಲಿ.