ಪಿಎಚ್‌ಡಿಗೆ ರೊಕ್ಕ ಕಟ್ಟೋದಲ್ಲ, ತಿಂಗಳಿಗೆ 37 ಸಾವಿರ ಅವರೇ ಕೊಡ್ತಾರೆ: ಸಾಂಕ್ರಾಮಿಕ ರೋಗಗಳ ಸಂಶೋಧನೆ ಬಗ್ಗೆ ಪೂರ್ತಿ ಮಾಹಿತಿ

ಸಿಂಧನೂರು: ಎಂಎಸ್ಸಿ ಮುಗಿಸಿದ ಮಗಳು 'ಪಿಎಚ್‌ಡಿ ಮಾಡ್ತೀನಿ' ಅಂದ್ರೆ, ಗಲ್ಲಾ ಮುಂದೆ ಕೂತ ಅಪ್ಪ ಕೇಳೋದು ಎರಡೇ ಮಾತು. ಇನ್ನೂ ಎಷ್ಟು ವರ್ಷ? ರೊಕ್ಕ ಎಷ್ಟು? ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಇದಕ್ಕೆ ಸರಿಯಾಗಿ ಉತ್ತರ ಹೇಳುವವರು ಕಡಿಮೆ, 'ಸೀಟು ಮಾಡಿಸಿ ಕೊಡ್ತೀವಿ' ಅನ್ನುವವರು ಜಾಸ್ತಿ. ಅದಕ್ಕೇ ಈ ಬರಹ.

ಮೊದಲು ರೊಕ್ಕದ ಲೆಕ್ಕ. ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಕೆಲಸ ಚೆನ್ನಾಗಿದೆ ಅಂತ ಕಮಿಟಿ ಒಪ್ಪಿದರೆ ಮುಂದಿನ ಮೂರು ವರ್ಷ ಸೀನಿಯರ್ ಫೆಲೋ ಆಗಿ 42,000. 2023ರ ಜನವರಿ 1ರಿಂದ ಜಾರಿಗೆ ಬಂದ ದರ ಇದು. ಅದಕ್ಕೂ ಮೊದಲು 31 ಸಾವಿರ ಮತ್ತು 35 ಸಾವಿರ ಇತ್ತು. ಐದು ವರ್ಷಕ್ಕೆ ಕೂಡಿಸಿದರೆ ಸರಿಯಾಗಿ 24 ಲಕ್ಷ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಯೂನಿವರ್ಸಿಟಿ ಫೀ ಮಾತ್ರ ನೀವೇ ಕಟ್ಟಬೇಕು. ಇನ್ನೊಂದು ಮಾತು: ಈ ಹಣ ಎಲ್ಲರಿಗೂ ಪ್ರತಿ ತಿಂಗಳು ಒಂದನೇ ತಾರೀಖಿಗೆ ಬರುತ್ತೆ ಅಂದ್ಕೋಬೇಡಿ. ತಿಂಗಳುಗಟ್ಟಲೆ ತಡವಾಗಿ ಸಂಶೋಧಕರು ಧರಣಿ ಕೂತಿದ್ದೂ ಉಂಟು. ಆರು ತಿಂಗಳ ಖರ್ಚಿಗೆ ಆಗುವಷ್ಟು ಕೈಯಲ್ಲಿ ಇಟ್ಟುಕೊಂಡು ಹೋಗುವುದು ಲೇಸು.

ಎಪಿಡೆಮಿಯಾಲಜಿ ಅಂದ್ರೆ ಏನು?

ಡಾಕ್ಟರ್ ಒಬ್ಬ ರೋಗಿಯನ್ನು ನೋಡ್ತಾರೆ. ಎಪಿಡೆಮಿಯಾಲಜಿಯವರು ಇಡೀ ಊರನ್ನು ನೋಡ್ತಾರೆ. ಯಾರಿಗೆ ಬಂತು, ಯಾವ ಓಣಿಯಲ್ಲಿ ಬಂತು, ಯಾವ ನೀರು ಕುಡಿದವರಿಗೆ ಬಂತು, ಪಕ್ಕದ ಓಣಿಗೆ ಯಾಕೆ ಬರಲಿಲ್ಲ ಅಂತ ಲೆಕ್ಕ ಹಾಕೋದು ಅವರ ಕೆಲಸ. ಅರ್ಧ ಕೆಲಸ ಮನೆ ಮನೆ ತಿರುಗೋದು, ಅರ್ಧ ಕಂಪ್ಯೂಟರ್ ಮುಂದೆ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಇದ್ದವರನ್ನು ಹುಡುಕಿ ಮಾತಾಡಿಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರೋದಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಇವರಿಗೆ ಸಿಕ್ಕಿದ್ದು ಉಲ್ಟಾ. ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಆದರೆ ಆಸ್ಪತ್ರೆಯಲ್ಲಿ ಟಿಬಿ ಅಂತ ಪತ್ತೆ ಹಚ್ಚದೆ ಕೆಮ್ಮಿನ ಔಷಧಿ ಬಾಟ್ಲಿ ಕೊಟ್ಟು ಕಳಿಸಿದ್ದರು. ತಪ್ಪು ಜನರದ್ದಲ್ಲ, ವ್ಯವಸ್ಥೆಯದ್ದು. ಟಿಬಿ ಪರೀಕ್ಷೆ, ಔಷಧಿ ಎರಡೂ ಸಾಮಾನ್ಯ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗಬೇಕು ಅನ್ನುವ ದೇಶದ ನೀತಿಗೆ ಈ ಸಂಸ್ಥೆಯ ಕೆಲಸವೇ ಆಧಾರ. ಬ್ಯಾನರ್ಜಿ ಮುಂದೆ ದೆಹಲಿಯ ಜೆಎನ್‌ಯುನಲ್ಲಿ ಸಾಮಾಜಿಕ ವೈದ್ಯಕೀಯ ಕೇಂದ್ರ ಕಟ್ಟಿದರು. ಇವತ್ತಿಗೂ ಅಲ್ಲಿ ಈ ವಿಷಯದಲ್ಲಿ ಪಿಎಚ್‌ಡಿ ಆಗುತ್ತದೆ.

ನಮ್ಮ ಭಾಗದಲ್ಲಿ ವಿಷಯಕ್ಕೆ ಬರವೇ ಇಲ್ಲ. ಒಂದು ಕಾಲಕ್ಕೆ ಮೆಟ್ಟಿಲು ಬಾವಿ ನೀರಿನಿಂದ ನಾರುಹುಣ್ಣು ಬರುತ್ತಿದ್ದದ್ದು ಮನೆಯ ಹಿರಿಯರಿಗೆ ನೆನಪಿರಬಹುದು. 2000ದಲ್ಲಿ ಭಾರತ ಅದರಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಲಸಿಕೆ ಇಲ್ಲದ ರೋಗ ಅದು, ಹೋಗಿದ್ದು ನೀರು ಸೋಸಿ, ಬಾವಿ ಸರಿಮಾಡಿ, ಕೇಸು ಕೇಸು ಹುಡುಕಿ. 2022ರ ಮಳೆಗಾಲದ ಹೊತ್ತಿಗೆ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅದೇ ವರ್ಷ ಡಿಸೆಂಬರ್‌ನಲ್ಲಿ ಕರ್ನಾಟಕದ ಮೊದಲ ಝೀಕಾ ಪ್ರಕರಣ ಪಕ್ಕದ ಮಾನ್ವಿ ತಾಲೂಕಿನಲ್ಲಿ ಪತ್ತೆಯಾಯಿತು. ಪುಣೆ ಲ್ಯಾಬ್‌ನಿಂದ ವರದಿ ಬಂತು. ಎಡದಂಡೆ ಕಾಲುವೆಯ ಭತ್ತದ ಗದ್ದೆ ನೀರಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಮೆದುಳು ಜ್ವರ ಹರಡಬಲ್ಲದು. ನಳದ ನೀರು ದಿನಾ ಬರೋದಿಲ್ಲ ಅಂತ ಮನೆಯಲ್ಲಿ ತುಂಬಿಡುವ ಡ್ರಮ್ಮಿನಲ್ಲಿ ಡೆಂಗಿ ಸೊಳ್ಳೆ ಬೆಳೆಯುತ್ತದೆ. ಇದನ್ನೆಲ್ಲ ಬೆಂಗಳೂರಿನವರು ಬಂದು ಅಧ್ಯಯನ ಮಾಡುವುದಕ್ಕಿಂತ ಇಲ್ಲಿ ಹುಟ್ಟಿದವರು ಮಾಡಿದರೆ ಹೆಚ್ಚು ತಿಳಿಯುತ್ತೆ ಅನ್ನೋದು ನನ್ನ ಅಭಿಪ್ರಾಯ.

ಯಾರು ಓದಬಹುದು, ಎಲ್ಲಿ?

ಎಂಬಿಬಿಎಸ್ ಆಗಿರಲೇಬೇಕು ಅಂತಿಲ್ಲ. ಎಂಎಸ್ಸಿ ಪ್ರಾಣಿಶಾಸ್ತ್ರ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್, ಎಂಪಿಎಚ್, ಪಶುವೈದ್ಯಕೀಯ ಓದಿದವರಿಗೂ ದಾರಿ ಇದೆ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಜಿಯಲ್ಲಿ ಶೇ 55 ಅಂಕ ಬೇಕು. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲ ಅಭ್ಯರ್ಥಿಗಳಿಗೆ ಶೇ 50 ಸಾಕು. ಕಡಿಮೆ ಅಂದ್ರೆ 3 ವರ್ಷ, ಹೆಚ್ಚೆಂದರೆ 6 ವರ್ಷ.

ಜೀವವಿಜ್ಞಾನದವರು ಸಿಎಸ್‌ಐಆರ್ ನೆಟ್ ಅಥವಾ ಐಸಿಎಂಆರ್‌ನ ಜೆಆರ್‌ಎಫ್ ಪರೀಕ್ಷೆ ಬರೀಬೇಕು. ಎಂಪಿಎಚ್ ಮಾಡಿದವರಿಗೆ ಯುಜಿಸಿ ನೆಟ್‌ನಲ್ಲಿ 'ಸೋಷಿಯಲ್ ಮೆಡಿಸಿನ್ ಅಂಡ್ ಕಮ್ಯುನಿಟಿ ಹೆಲ್ತ್' ಅಂತ ಪ್ರತ್ಯೇಕ ವಿಷಯವೇ ಇದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಯುಜಿಸಿ ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ನಡೆಯುತ್ತದೆ. ಒಂದು ಎಚ್ಚರ: 2024ರಿಂದ ನೆಟ್‌ನಲ್ಲಿ 'ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ' ಅನ್ನುವ ಅರ್ಹತೆಯೂ ಇದೆ. ಅದರಲ್ಲಿ ಸೀಟಿಗೆ ಅರ್ಹತೆ ಬರುತ್ತೆ, ಫೆಲೋಶಿಪ್ ಬರೋದಿಲ್ಲ. ರಿಸಲ್ಟ್ ಶೀಟಿನಲ್ಲಿ ಜೆಆರ್‌ಎಫ್ ಅಂತ ಇದ್ದರೆ ಮಾತ್ರ 37 ಸಾವಿರ.

ಜೆಆರ್‌ಎಫ್ ಕೈತಪ್ಪಿದವರಿಗೂ ಕೇಂದ್ರದ ನ್ಯಾಷನಲ್ ಫೆಲೋಶಿಪ್‌ಗಳಿವೆ. ವರ್ಷಕ್ಕೆ ಎಸ್‌ಸಿಗೆ 2,000, ಒಬಿಸಿಗೆ 1,000, ಎಸ್‌ಟಿಗೆ 750. ವಾಲ್ಮೀಕಿ ನಾಯಕ ಸಮಾಜದ ಮಕ್ಕಳು ಎಸ್‌ಟಿ ಫೆಲೋಶಿಪ್ ಕಡೆ ಗಮನ ಕೊಡಿ. ಅದರ ಆಯ್ಕೆ ಪಿಜಿ ಅಂಕದ ಮೇಲೆ.

ಸಂಸ್ಥೆಗಳಲ್ಲಿ ಮುಖ್ಯವಾದದ್ದು ಚೆನ್ನೈನ ಐಸಿಎಂಆರ್ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಪಿಡೆಮಿಯಾಲಜಿ ವಿಭಾಗ ಇದೆ. ದನ, ಕುರಿಯಿಂದ ಮನುಷ್ಯರಿಗೆ ಬರುವ ರೋಗಗಳಲ್ಲಿ ಆಸಕ್ತಿ ಇದ್ದರೆ ಯಲಹಂಕದ ನಿವೇದಿ ಸಂಸ್ಥೆ, ಸೊಳ್ಳೆ ವಿಷಯಕ್ಕೆ ಪುದುಚೇರಿಯ ವೆಕ್ಟರ್ ಕಂಟ್ರೋಲ್ ಸಂಶೋಧನಾ ಕೇಂದ್ರ.

'ಮನೆಯಲ್ಲೇ ಕೂತು ಪಿಎಚ್‌ಡಿ' ಅಂತ ಲಕ್ಷ ಕೇಳುವವರು ಬಂದರೆ ಅಂಗಡಿ ಕಟ್ಟೆ ಹತ್ತಿಸಬೇಡಿ. ಆನ್‌ಲೈನ್ ಮತ್ತು ದೂರಶಿಕ್ಷಣದ ಪಿಎಚ್‌ಡಿಗೆ ಯುಜಿಸಿ ಮಾನ್ಯತೆ ಇಲ್ಲ.

371(ಜೆ) ಸರ್ಟಿಫಿಕೇಟ್ ಕೇಂದ್ರದ ಈ ಸಂಸ್ಥೆಗಳಲ್ಲಿ ನಡೆಯೋದಿಲ್ಲ, ಅದು ರಾಜ್ಯದ ಸೀಟಿಗೆ ಮಾತ್ರ. ಹಾಗೇ ರಾಜ್ಯದ 2ಎ, 3ಬಿ ಪ್ರಮಾಣಪತ್ರವನ್ನೇ ಕೇಂದ್ರದ ಅರ್ಜಿಗೆ ಹಾಕಿದರೆ ಅಲ್ಲಿ ಒಪ್ಪೋದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ತಹಸೀಲ್ದಾರ್ ಕಚೇರಿಯಿಂದ ಮಾಡಿಸಿಕೊಳ್ಳಿ. ಪರೀಕ್ಷೆ ಅರ್ಜಿ ಶುರುವಾದ ಮೇಲೆ ಓಡಾಡಿದರೆ ಕೊನೆ ದಿನ ದಾಟಿ ಹೋಗುತ್ತೆ, ಮುಂಚೆಯೇ ಹೋಗಿ.