ಶಿಷ್ಯೆ

‘ಶಿಷ್ಯ’ ಸಂಸ್ಕೃತದ ‘ಶಾಸ್’ ಧಾತುವಿನಿಂದ ಬಂದ ಪದ; ಶಾಸನ, ಶಾಸ್ತ್ರ ಎಂಬವೂ ಅದರ ಕವಲುಗಳೇ. ಉಪದೇಶ ಪಡೆಯಬೇಕಾದವನು ಎಂದು ಅರ್ಥ. ಕನ್ನಡ ಬೈಬಲಿನಲ್ಲಿ ಇದು ಗ್ರೀಕಿನ ‘ಮಥೇತೇಸ್’ಗೆ ಸಾಟಿಯಾಗಿ ನಿಂತಿದೆ. ಆ ಪದಕ್ಕೆ ಕಲಿಯುವವನು ಎಂದರ್ಥ. ಅಲ್ಲಿ ಕಲಿಯುವವನೇ ಕರ್ತೃ. ನನಗೆ ಈ ವ್ಯತ್ಯಾಸ ದೊಡ್ಡದು. ಯೇಸುವಿನ ಹನ್ನೆರಡು ಮಂದಿಗಷ್ಟೇ ಸಲ್ಲುವ ಹೆಸರೂ ಇದಲ್ಲ: ಅಪೊಸ್ತಲರ ಕೃತ್ಯಗಳಲ್ಲಿ ಸಭೆಯವರೆಲ್ಲ ಶಿಷ್ಯರೇ. ಅದರ 9ನೇ ಅಧ್ಯಾಯದಲ್ಲಿ, ಯೊಪ್ಪದ ತಬಿಥಾಳಿಗೆ ‘ಮಥೇತ್ರಿಯ’ ಎಂಬ ಸ್ತ್ರೀಲಿಂಗ ರೂಪ ಬಳಕೆಯಾಗಿದೆ, ಇಡೀ ಹೊಸ ಒಡಂಬಡಿಕೆಯಲ್ಲಿ ಅದೊಂದೇ ಸಲ. ಅವಳು ಬೋಧನೆ ಮಾಡಿದಳೆಂದು ಅಲ್ಲಿ ಬರೆದಿಲ್ಲ. ಬಡವರಿಗೆ ಕೊಡುತ್ತಿದ್ದಳು, ಬಟ್ಟೆ ಹೊಲಿಯುತ್ತಿದ್ದಳು. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತಾ ಅಪೊಸ್ತಲ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದ ಅಂಗಿಗಳನ್ನೇ.