ರಹದಾರಿಯೂ ಮುಖವೂ

1914ರ ಮಹಾಯುದ್ಧಕ್ಕೆ ಮುಂಚೆ ಯೂರೋಪು ಖಂಡದ ಬಹುಭಾಗದಲ್ಲಿ ಒಂದು ರಾಜ್ಯದಿಂದ ಮತ್ತೊಂದು ರಾಜ್ಯಕ್ಕೆ ಹೋಗುವವನು ರಹದಾರಿ ಪತ್ರವನ್ನು ತೋರಿಸಬೇಕಾದ ಅಗತ್ಯವಿರಲಿಲ್ಲ. ರಷ್ಯ, ತುರ್ಕಿ ಮೊದಲಾದ ಕೆಲವು ರಾಜ್ಯಗಳು ಮಾತ್ರ ಅದನ್ನು ಕೇಳುತ್ತಿದ್ದುವು. ವಿಯೆನ್ನಾ ನಗರದ ಪ್ರಸಿದ್ಧ ಲೇಖಕನಾದ ಸ್ಟೆಫಾನ್ ತ್ಸ್ವೈಗನು ಆ ಕಾಲದಲ್ಲಿ ತಾನು ಹಿಂದೂದೇಶಕ್ಕೂ ಅಮೆರಿಕಕ್ಕೂ ರಹದಾರಿಯಿಲ್ಲದೆಯೇ ಹೋಗಿಬಂದುದನ್ನು ತನ್ನ ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ. ಆ ಗ್ರಂಥವು 1942ರಲ್ಲಿ ಪ್ರಕಟವಾಗುವ ವೇಳೆಗೆ ಅವನು ಸ್ವದೇಶವನ್ನು ಕಳೆದುಕೊಂಡು ಬ್ರೆಜಿಲ್ ದೇಶದಲ್ಲಿ ಪ್ರಾಣವನ್ನು ನೀಗಿದ್ದನು. ಯುದ್ಧಕಾಲದ ಎಚ್ಚರಿಕೆಯಾಗಿ ಬಂದ ರಹದಾರಿಯು ಯುದ್ಧವು ಮುಗಿದ ಮೇಲೂ ಹಿಂದಿರುಗಲಿಲ್ಲ. ಅಲ್ಲಿಂದ ಮುಂದೆ ಮನುಷ್ಯನಿಗಿಂತ ಅವನ ಕೈಯ ಕಾಗದಕ್ಕೆ ಹೆಚ್ಚು ಬೆಲೆ ಬಂದಿತು. ಈ ಮಾರ್ಪಾಟನ್ನು ಚಿತ್ರಕಲೆ, ಚಲಚ್ಚಿತ್ರ, ಶಾಸ್ತ್ರವಿಚಾರ ಇವು ಮೂರೂ ಹೇಗೆ ಕಂಡುವೆಂಬುದು ವಿಚಾರಾರ್ಹವಾದ ಸಂಗತಿ.

1921ನೆಯ ಡಿಸೆಂಬರಿನಲ್ಲಿ ರಷ್ಯದ ಹೊಸ ಸರಕಾರವು ದೇಶವನ್ನು ಬಿಟ್ಟುಹೋಗಿದ್ದ ಲಕ್ಷಾಂತರ ಜನರ ಪೌರತ್ವವನ್ನು ಒಂದೇ ಶಾಸನದಿಂದ ಕಿತ್ತುಹಾಕಿತು. ಯಾವ ರಾಜ್ಯಕ್ಕೂ ಸೇರದ ಇವರಿಗಾಗಿ, ರಾಷ್ಟ್ರಸಂಘದ ಪರವಾಗಿ ನಾರ್ವೆಯ ನಾನ್‌ಸೆನ್ನನು 1922ರಲ್ಲಿ ಒಂದು ಗುರುತಿನ ಪತ್ರವನ್ನು ಏರ್ಪಡಿಸಿದನು. ಗಾಯನಪ್ರಬಂಧಗಳಿಂದ ಜಗತ್ಪ್ರಸಿದ್ಧನಾದ ಸ್ಟ್ರಾವಿನ್‌ಸ್ಕಿಯೂ ಚಿತ್ರಕಾರನಾದ ಷಗಾಲನೂ ಈ ಪತ್ರವನ್ನು ಹಿಡಿದೇ ಗಡಿಗಳನ್ನು ದಾಟಿದರು.

ಫ್ರೆಂಚ್ ನಿರ್ದೇಶಕನಾದ ಝಾನ್ ರೆನ್ವಾರನ ‘ಮಹಾಭ್ರಾಂತಿ’ ಎಂಬ ವಾಕ್ಚಿತ್ರವು 1937ರಲ್ಲಿ ತೆರೆಗೆ ಬಂದಿತು. ಅದರ ಕೊನೆಯಲ್ಲಿ, ಮಹಾಯುದ್ಧಕಾಲದ ಜರ್ಮನಿಯ ಸೆರೆಯಿಂದ ತಪ್ಪಿಸಿಕೊಂಡ ಇಬ್ಬರು ಫ್ರೆಂಚ್ ಯೋಧರು ಹಿಮ ಮುಸುಕಿದ ಕಣಿವೆಯನ್ನು ದಾಟುತ್ತಾರೆ. ಜರ್ಮನ್ ಸಿಪಾಯಿಯು ಗುಂಡು ಹಾರಿಸಲು ಅವನ ಸಂಗಡಿಗನು ತಡೆಯುತ್ತಾನೆ. ಓಡುತ್ತಿರುವವರು ಆಗಲೇ ಸ್ವಿಟ್ಜರ್ಲೆಂಡನ್ನು ಸೇರಿದ್ದಾರೆ. ನೋಡುವವನ ಕಣ್ಣಿಗಾದರೋ ಹಿಮದ ಮೇಲೆ ಯಾವ ಗೆರೆಯೂ ಕಾಣಿಸದು. ನಾಟ್ಸಿ ಸರಕಾರವು ಈ ಚಿತ್ರವನ್ನು ನಿಷೇಧಿಸಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಚಿತ್ರಯಂತ್ರಕ್ಕೆ ಧರ್ಮಾಧರ್ಮಗಳ ವಿವೇಚನೆಯಿಲ್ಲ. 1940ರಲ್ಲಿ ಅದೇ ಸರಕಾರವು ಯೆಹೂದ್ಯರನ್ನು ಹಳಿಯುವುದಕ್ಕಾಗಿ ಒಂದು ಚಿತ್ರವನ್ನು ತೆಗೆಯಿಸಿತು. ಅವರ ವಲಸೆಯನ್ನು ಭೂಪಟದ ಮೇಲೆ ಹರಿದಾಡುವ ಗೆರೆಗಳಾಗಿ ತೋರಿಸಿ, ಅದಕ್ಕೆ ಇಲಿಗಳ ಹಿಂಡನ್ನು ಹೋಲಿಕೆಯಾಗಿ ಜೋಡಿಸಲಾಯಿತು. ಮುಖವನ್ನು ಅಳಿಸಿ ಹಿಂಡನ್ನು ಕಾಣಿಸುವ ಕೆಲಸಕ್ಕೂ ಕಲೆಯು ಒದಗಬಲ್ಲದೆಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನವು ಬೇಡ.

ಅದಕ್ಕೆ ಉತ್ತರವೋ ಎಂಬಂತಿರುವ ಒಂದು ಚಿತ್ರಪಟವು ಅದೇ ದುರ್ದಿನಗಳಲ್ಲಿ ಹುಟ್ಟಿತು. ಫೆಲಿಕ್ಸ್ ನುಸ್‌ಬೌಮನು ಜರ್ಮನಿಯ ಓಸ್ನಬ್ರುಕ್ ಪಟ್ಟಣದಲ್ಲಿ 1904ರಲ್ಲಿ ಜನಿಸಿದ ಯೆಹೂದ್ಯ. ನಾಟ್ಸಿಗಳಿಗೆ ಹೆದರಿ ಬೆಲ್ಜಿಯಮ್ಮಿಗೆ ಹೋದ ಅವನನ್ನು, 1940ರಲ್ಲಿ ಜರ್ಮನ್ ಪ್ರಜೆಯೆಂಬ ಕಾರಣದಿಂದ ಹಿಡಿದು ಫ್ರಾನ್ಸಿನ ಶಿಬಿರವೊಂದಕ್ಕೆ ಕಳುಹಿಸಿದರು. ಅಲ್ಲಿಂದ ತಪ್ಪಿಸಿಕೊಂಡು ಬ್ರಸೆಲ್ಸ್ ನಗರದಲ್ಲಿ ಅಡಗಿಕೊಂಡಿದ್ದು, 1943ರ ಸುಮಾರಿಗೆ ತನ್ನ ಚಿತ್ರವನ್ನು ತಾನೇ ಬರೆದನು. ಎತ್ತರವಾದ ಗೋಡೆಯ ಮೂಲೆ. ಕೊಂಬೆಗಳನ್ನು ಕಡಿದ ಮರ. ಮೇಲೆತ್ತಿದ ಕೋಟಿನ ಕೊರಳಪಟ್ಟಿ. ಎದೆಯ ಮೇಲೆ ಹಳದಿಯ ನಕ್ಷತ್ರ. ಕೈಯಲ್ಲಿ ‘ಯೆಹೂದ್ಯ’ ಎಂದು ಎರಡು ಭಾಷೆಗಳಲ್ಲಿ ಕೆಂಪು ಮುದ್ರೆ ಬಿದ್ದ ಗುರುತಿನ ಚೀಟಿ. ಆ ಚೀಟಿಯಲ್ಲಿ ಅಂಟಿಸಿರುವುದೂ ಅವನ ಮುಖವೇ. ಚೀಟಿಯನ್ನು ಹಿಡಿದು ನಮ್ಮನ್ನು ದಿಟ್ಟಿಸುತ್ತಿರುವುದೂ ಅವನ ಮುಖವೇ. ಚಿತ್ರದ ಮುಂದೆ ನಿಂತವನು ತಾನೇ ಚೀಟಿಯನ್ನು ತಪಾಸಣೆ ಮಾಡುವ ಅಧಿಕಾರಿಯ ಸ್ಥಾನದಲ್ಲಿರುವುದನ್ನು ಅರಿತು ಬೆಚ್ಚುತ್ತಾನೆ. 1944ರಲ್ಲಿ ನುಸ್‌ಬೌಮನು ಸೆರೆಸಿಕ್ಕಿ ಆಶ್‌ವಿಟ್ಸ್ ಶಿಬಿರದಲ್ಲಿ ಹತನಾದನು. ಅವನ ಚಿತ್ರಗಳಿಗಾಗಿಯೇ ಓಸ್ನಬ್ರುಕ್ಕಿನಲ್ಲಿ 1998ರಲ್ಲಿ ಒಂದು ಸಂಗ್ರಹಾಲಯವು ತೆರೆಯಲ್ಪಟ್ಟಿತು.

ಬರ್ಲಿನಿನ ತತ್ತ್ವಜ್ಞ ವಾಲ್ಟರ್ ಬೆನ್ಯಮಿನನ ಕಥೆಯಾದರೋ ಕಾಗದದ ಕ್ರೌರ್ಯಕ್ಕೆ ಕನ್ನಡಿ ಹಿಡಿದಂತಿದೆ. ಅಮೆರಿಕವು ಅವನಿಗೆ ಪ್ರವೇಶದ ಅನುಮತಿಯನ್ನು ಕೊಟ್ಟಿತ್ತು; ಫ್ರಾನ್ಸು ಹೊರಡಲು ಅನುಮತಿಯನ್ನು ಕೊಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಯಿತು. ಪಿರೆನೀಸ್ ಪರ್ವತವನ್ನು ಕಾಲ್ನಡಿಗೆಯಿಂದ ದಾಟಿ ಸ್ಪೇನಿನ ಪೋರ್ಟ್‌ಬೌ ಎಂಬ ಊರನ್ನು ಸೇರಿದ ಅವನನ್ನು ಅಲ್ಲಿಯವರು ಹಿಂದಕ್ಕೆ ಕಳುಹಿಸುವೆವೆಂದರು. 1940ನೆಯ ಸೆಪ್ಟೆಂಬರ್ 26ರ ರಾತ್ರಿ ಅವನು ಅಲ್ಲಿಯೇ ಅಸುನೀಗಿದನು. ಊರಿನ ದಾಖಲೆಯಲ್ಲಿ ಅವನ ಹೆಸರು ಹಿಂದುಮುಂದಾಗಿ, ವಾಲ್ಟರ್ ಎಂಬುದೇ ಮನೆತನದ ಹೆಸರಾಯಿತು. ಕೆಲಕಾಲದಲ್ಲಿಯೇ ಅವನ ಗೋರಿಯನ್ನು ಹುಡುಕಿಕೊಂಡು ಬಂದ ಸ್ನೇಹಿತೆ ಹ್ಯಾನಾ ಆರೆಂಟಳಿಗೆ ಅವನ ಹೆಸರು ಎಲ್ಲಿಯೂ ಕಾಣಿಸಲಿಲ್ಲ. ಆ ಸ್ಮಶಾನದ ಪಕ್ಕದಲ್ಲಿ ಶಿಲ್ಪಿ ದಾನಿ ಕರವಾನನು ನಿರ್ಮಿಸಿದ ಸ್ಮಾರಕವು 1994ರಲ್ಲಿ ಪೂರ್ಣವಾಯಿತು. ತುಕ್ಕು ಹಿಡಿದ ಉಕ್ಕಿನ ಇಕ್ಕಟ್ಟಾದ ಓಣಿಯೊಂದರ ಮೆಟ್ಟಿಲುಗಳು ಸಮುದ್ರದ ಕಡೆಗೆ ಇಳಿಯುತ್ತವೆ. ಕೆಳಗೆ ಒಂದು ಗಾಜು ದಾರಿಯನ್ನು ತಡೆಯುತ್ತದೆ. ಕಡಲು ಕಾಣುತ್ತದೆ, ಕಾಲು ಮುಂದಕ್ಕೆ ಹೋಗದು.

ಬೆನ್ಯಮಿನನ ಹಸ್ತಪ್ರತಿಯನ್ನು ಅಮೆರಿಕಕ್ಕೆ ಒಯ್ದ ಆರೆಂಟಳು 1951ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ, ರಾಜ್ಯವನ್ನು ಕಳೆದುಕೊಂಡವನು ಹಕ್ಕುಗಳನ್ನು ಹೊಂದುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆಂದು ಪ್ರತಿಪಾದಿಸಿದಳು. ಜನರ ಸಂಚಾರಕ್ಕೆ ಒಪ್ಪಿಗೆ ಕೊಡುವ ಅಧಿಕಾರವನ್ನು ರಾಜ್ಯಗಳು ಹೇಗೆ ಸಂಪೂರ್ಣವಾಗಿ ತಮ್ಮ ವಶಕ್ಕೆ ತೆಗೆದುಕೊಂಡುವೆಂಬುದನ್ನು ಜಾನ್ ಟಾರ್ಪಿ ಎಂಬ ವಿದ್ವಾಂಸನು 2000ದಲ್ಲಿ ಪ್ರಕಟವಾದ ರಹದಾರಿಯ ಚರಿತ್ರೆಯಲ್ಲಿ ನಿರೂಪಿಸಿದ್ದಾನೆ.

1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಗ್ರಾಮದ ಬಳಿ ಐದು ರಾಜ್ಯಗಳು ಮಾಡಿಕೊಂಡ ಒಪ್ಪಂದವು 1995ರಿಂದ ಆಚರಣೆಗೆ ಬಂದು, ಯೂರೋಪಿನ ಒಳಗಡಿಗಳ ತಪಾಸಣೆಯು ಬಹುಮಟ್ಟಿಗೆ ತೊಲಗಿತು; ಹೊರಗಡಿಯ ಕಾವಲಾದರೋ ಬಿಗಿಯಾಯಿತು. 2015ನೆಯ ಏಪ್ರಿಲ್ 18ರಂದು ಆಫ್ರಿಕದಿಂದ ಹೊರಟ ಹಡಗೊಂದು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿ ನೂರಾರು ಜನರು ಮಡಿದರು. ಮೇಲೆತ್ತಿದ ಆ ಹಡಗನ್ನೇ 2019ರಲ್ಲಿ ವೆನಿಸ್ ನಗರದ ಕಲಾಪ್ರದರ್ಶನದಲ್ಲಿ ಇರಿಸಲಾಯಿತು. ಸತ್ತವರ ಶವಪೆಟ್ಟಿಗೆಯನ್ನು ನೋಟಕ್ಕಿಡುವುದು ತರವೇ ಎಂದು ಹಲವರು ಆಕ್ಷೇಪಿಸಿದರು. ಆ ಆಕ್ಷೇಪಣೆಯು ನ್ಯಾಯವಾದುದೇ. ಅದೇ ಹಡಗಿನ ಮೃತರ ಗುರುತು ಹಚ್ಚುವ ಕಾರ್ಯವನ್ನು ಮಿಲಾನ್ ವಿಶ್ವವಿದ್ಯಾಲಯದ ವೈದ್ಯೆ ಕ್ರಿಸ್ಟೀನಾ ಕತ್ತಾನೆಯೊ ಎಂಬಾಕೆಯು ಕೈಕೊಂಡಳು. ಮಾಲಿ ದೇಶದ ಸುಮಾರು ಹದಿನಾಲ್ಕು ವರ್ಷದ ಬಾಲಕನೊಬ್ಬನ ಅಂಗಿಯ ಒಳಗೆ ಜೋಪಾನವಾಗಿ ಹೊಲಿದಿದ್ದ ಒಂದು ಕಾಗದವು ಆಕೆಗೆ ದೊರೆಯಿತು. ಅದು ರಹದಾರಿಯಾಗಿರಲಿಲ್ಲ, ಅವನ ಶಾಲೆಯ ಅಂಕಪಟ್ಟಿಯಾಗಿತ್ತು. ತನ್ನ ಯೋಗ್ಯತೆಯನ್ನು ಅದು ಸಾರುವುದೆಂದು ಅವನು ನಂಬಿದ್ದಿರಬೇಕು. ಗಡಿಯಲ್ಲಿ ಯಾರೂ ಓದದ ಆ ಕಾಗದವನ್ನು ಓದಿ ಜಗತ್ತಿಗೆ ತಿಳಿಸಿದ್ದು ಆ ವೈದ್ಯೆಯ ಶಾಸ್ತ್ರ.